ಹದಿಮೂರು ಸೀಸನ್, ಒಂಬತ್ತು ಜೆರ್ಸಿ: ಊರೂರು ಸುತ್ತಿದ ಒಬ್ಬ ಬಾಸ್ಕೆಟ್‌ಬಾಲ್ ಗಾರ್ಡ್‌ನ ಲೆಕ್ಕ

ಹೋದ ತಿಂಗಳು ಬ್ಯಾಂಕಿನಿಂದ ಒಂದು ಮೆಸೇಜ್ ಬಂತು. ನನ್ನ ಎಂಟನೇ ತಂಡ ಕೊಡಬೇಕಿದ್ದ ಬಾಕಿ ಸಂಬಳ ಜಮಾ ಆಗಿತ್ತು. ಆ ತಂಡಕ್ಕೆ ಕೊನೆಯ ಸಲ ಆಡಿ ಎರಡು ವರ್ಷದ ಮೇಲಾಗಿತ್ತು. ಆಮೇಲೆ ಇನ್ನೊಂದು ತಂಡಕ್ಕೂ ಆಡಿ, ಮೊಣಕಾಲು ಸಾಕು ಅಂದಮೇಲೆ ಶೂ ಕಳಚಿಟ್ಟಿದ್ದೆ. ಆದರೂ ಈ ದುಡ್ಡು ಬರುವ ತನಕ ನನ್ನ ಬಾಸ್ಕೆಟ್‌ಬಾಲ್ ಮುಗಿದಿದೆ ಅಂತ ಅನ್ನಿಸಿರಲಿಲ್ಲ. ಈಗ ಮುಗಿಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನಂಥವರನ್ನು ಜರ್ನಿಮನ್ ಅಂತಾರೆ. ನಮ್ಮ ಮಾತಲ್ಲಿ ಹೇಳಬೇಕು ಅಂದರೆ ಕರೆದ ಕಡೆ ಹೋಗಿ ದುಡಿದು ಬರುವ ಆಟಗಾರ. ಪಂದ್ಯಕ್ಕೆ ಎಂಟೊಂಬತ್ತು ಪಾಯಿಂಟ್, ನಾಲ್ಕು ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್), ದೊಡ್ಡ ತಪ್ಪು ಮಾಡಲ್ಲ ಅನ್ನೋ ಹೆಸರು. ಇಷ್ಟೇ ನನ್ನ ಬಂಡವಾಳ. ನಾನು ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು. ಈ ಜಾತಿಯ ಗಾರ್ಡ್‌ಗಳಿಗೆಲ್ಲ ಇಶ್ ಸ್ಮಿತ್ ದೊಡ್ಡಣ್ಣ ಇದ್ದ ಹಾಗೆ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಹೊಸಬರನ್ನು ಆರಿಸಿಕೊಳ್ಳುವ 2010ರ ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಮುಂದೆ ಎನ್‌ಬಿಎಯಲ್ಲಿ 13 ತಂಡಗಳಿಗೆ ಆಡಿ ದಾಖಲೆ ಮಾಡಿದರು, 2023ರಲ್ಲಿ ಡೆನ್ವರ್ ಜೊತೆ ಚಾಂಪಿಯನ್ ಕೂಡ ಆದರು. ನಾನು ಆ ಮಟ್ಟ ತಲುಪಿದವನಲ್ಲ. ಎನ್‌ಬಿಎಯಲ್ಲಿ ಇರೋದು 30 ತಂಡ, ಪೂರ್ತಿ ಕಾಂಟ್ರಾಕ್ಟ್ ಸಿಗೋದು ತಂಡಕ್ಕೆ 15 ಜನಕ್ಕೆ. ಅಂದರೆ 450 ಕುರ್ಚಿ. ಮಿಕ್ಕವರೆಲ್ಲ ನನ್ನ ಹಾಗೆ ಸೂಟ್‌ಕೇಸ್ ಹಿಡಿದು ಹೊರಡಬೇಕು.

ಮೊದಲನೇ ಮೋಸ ಮೊದಲನೇ ವರ್ಷವೇ ಆಯಿತು. ಕಾಲೇಜು ಮುಗಿಸಿ ನಾಲ್ಕು ತಿಂಗಳಾದರೂ ಒಂದು ಫೋನ್ ಇಲ್ಲ. ಆಗ ಒಬ್ಬರು ಸಿಕ್ಕಿ, ತಾವು ಏಜೆಂಟ್, ಟ್ರಯೌಟ್ (ಆಯ್ಕೆ ಪರೀಕ್ಷೆ) ಕೊಡಿಸುತ್ತೇನೆ, ಸ್ವಲ್ಪ ಮುಂಗಡ ಬೇಕು ಅಂದರು. ಸಾಲ ಮಾಡಿ ಕೊಟ್ಟೆ. ಟ್ರಯೌಟ್ ನಡೆದಿದ್ದೂ ನಿಜ. ಒಂದು ಹಾಲ್, ನನ್ನ ಹಾಗೇ ದುಡ್ಡು ಕಟ್ಟಿದ ಐವತ್ತು ಹುಡುಗರು, ಗೋಡೆ ಪಕ್ಕ ಇಬ್ಬರು ಕೋಚ್. ಇಬ್ಬರೂ ಅರ್ಧ ಹೊತ್ತು ಫೋನ್ ನೋಡುತ್ತಿದ್ದರು. ಯಾರಿಗೂ ಕೆಲಸ ಸಿಗಲಿಲ್ಲ.

ಹೊಸಬರು ಇಷ್ಟು ತಿಳಿದುಕೊಂಡರೆ ಸಾಕು. ಅಂತರರಾಷ್ಟ್ರೀಯ ವರ್ಗಾವಣೆ ಮಾಡಿಸುವ ಏಜೆಂಟ್‌ಗೆ ಫಿಬಾ (ವಿಶ್ವ ಬಾಸ್ಕೆಟ್‌ಬಾಲ್ ಒಕ್ಕೂಟ) ಲೈಸೆನ್ಸ್ ಇರಬೇಕು. ಪರೀಕ್ಷೆ ಬರೆದು ತಗೊಳ್ಳುವ ಲೈಸೆನ್ಸ್ ಅದು. ಯಾರ ಬಳಿ ಇದೆ ಅನ್ನೋ ಪಟ್ಟಿಯನ್ನು ಫಿಬಾ ಬಹಿರಂಗವಾಗಿಯೇ ಇಟ್ಟಿದೆ, ಎರಡು ನಿಮಿಷದ ಕೆಲಸ. ಏಜೆಂಟ್ ಫೀಸ್ ಸಾಮಾನ್ಯವಾಗಿ ಸಂಬಳದ 10%, ಅದನ್ನು ಹೆಚ್ಚಿನ ಕಡೆ ಕ್ಲಬ್ಬೇ ಕೊಡುತ್ತದೆ. ಕಾಂಟ್ರಾಕ್ಟ್ ಆಗುವ ಮುಂಚೆ ಆಟಗಾರನ ಹತ್ತಿರ ದುಡ್ಡು ಕೇಳುವವರು ಏಜೆಂಟ್ ಅಲ್ಲ.

ನಿಜವಾದ ಏಜೆಂಟ್ ಸಿಕ್ಕಿದ್ದು ಒಂದು ವಿಡಿಯೊದಿಂದ. ನಾನು ಮೊದಲು ಕಳಿಸಿದ ವಿಡಿಯೊದಲ್ಲಿ ಹಾಡು ಹಾಕಿ, ಚೆಂದದ ಪಾಸ್‌ಗಳನ್ನೆಲ್ಲ ಜೋಡಿಸಿದ್ದೆ. "ಇದನ್ನು ನಿಮ್ಮ ಮನೆಯವರಿಗೆ ತೋರಿಸು" ಅಂದರು ಆಕೆ. "ನನಗೆ ಮೂರು ಪೂರ್ತಿ ಪಂದ್ಯ ಬೇಕು, ಕತ್ತರಿಸದೆ. ಅದರಲ್ಲಿ ಒಂದು ನೀನು ಕೆಟ್ಟದಾಗಿ ಆಡಿದ್ದು ಇರಲಿ." ಕೆಟ್ಟದ್ದು ಯಾಕೆ ಅಂತ ಆಗ ಅರ್ಥ ಆಗಲಿಲ್ಲ. ಶಾಟ್ ಬೀಳದ ದಿನ ಗಾರ್ಡ್ ಏನು ಮಾಡುತ್ತಾನೆ ಅನ್ನೋದನ್ನೇ ಕೋಚ್‌ಗಳು ನೋಡುವುದು. ಡಿಫೆನ್ಸ್‌ಗೆ ಓಡಿ ವಾಪಸ್ ಬರ್ತಾನಾ, ಜೊತೆಗಾರ ಎದುರಾಳಿಗೆ ಅಡ್ಡ ನಿಂತು ಬುಟ್ಟಿ ಕಡೆ ಓಡುವ ಪಿಕ್ ಅಂಡ್ ರೋಲ್‌ನಲ್ಲಿ ಎರಡನೇ ಪಾಸ್ ಕಾಣಿಸುತ್ತಾ, ಬೆಂಚಿನಲ್ಲಿ ಕೂತಾಗ ಮುಖ ಹೇಗಿರುತ್ತೆ.

ಆಮೇಲೆ ಕಾಯುವುದು. ಈ ಕಸುಬಿನಲ್ಲಿ ಆಟಕ್ಕಿಂತ ಜಾಸ್ತಿ ಮಾಡಿದ್ದು ಇದನ್ನೇ. ಜುಲೈನಲ್ಲಿ ಹೆಸರು ಮಾಡಿದವರು ಸಹಿ ಹಾಕುತ್ತಾರೆ. ಆಗಸ್ಟ್‌ನಲ್ಲಿ ಮಧ್ಯಮದವರು. ಸೆಪ್ಟೆಂಬರ್‌ನಲ್ಲಿ ಯಾರಿಗೋ ಗಾಯವಾಗಿ ಖಾಲಿಯಾದ ಜಾಗಕ್ಕೆ ನಮ್ಮಂಥವರು. ನಾನು ಹದಿಮೂರು ಸೀಸನ್‌ನಲ್ಲಿ ಎಂಟು ಸಲ ಸೆಪ್ಟೆಂಬರ್ ಗಿರಾಕಿ. ಕಾಯುವಾಗ ಒಬ್ಬನೇ ಜಿಮ್‌ಗೆ ಹೋಗಿ ದಿನಕ್ಕೆ 300 ಶಾಟ್ ಹಾಕುತ್ತಿದ್ದೆ. ಎಸೆದಿದ್ದು ಅಲ್ಲ, ಬಿದ್ದಿದ್ದು ಮಾತ್ರ ಲೆಕ್ಕ. ಫಿಬಾ ಮೂರು ಪಾಯಿಂಟ್ ಗೆರೆ 6.75 ಮೀಟರ್, ಎನ್‌ಬಿಎಯದ್ದು ಬುಟ್ಟಿಗೆ ನೇರ ಎದುರಲ್ಲಿ 7.24. ಅರ್ಧ ಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಮೊದಲ ತಿಂಗಳು ನನ್ನ ಶಾಟ್‌ಗಳೆಲ್ಲ ರಿಮ್‌ನ ಹಿಂಭಾಗಕ್ಕೆ ಬಡಿಯುತ್ತಿದ್ದವು. ಬೇಸಿಗೆಯಿಡೀ ದೂರದ ಗೆರೆಯಿಂದಲೇ ಅಭ್ಯಾಸ ಮಾಡಿದ್ದರ ಫಲ.

ಮೊದಲ ಕಾಂಟ್ರಾಕ್ಟ್ ರಾತ್ರಿ ಹನ್ನೊಂದಕ್ಕೆ ಬಂತು. 14 ಪುಟ. ಬೆಳಿಗ್ಗೆ ಎಂಟರೊಳಗೆ ಸಹಿ ಬೇಕು ಅಂದರು. ಸಂಬಳ ಇರುವ ಪುಟ ನೋಡಿದೆ, ಮನೆಯ ವಿಷಯ ಇರುವ ಪುಟ ನೋಡಿದೆ, ಸಹಿ ಹಾಕಿದೆ. ವೈದ್ಯಕೀಯ ಪರೀಕ್ಷೆಯ ಪುಟ ಓದಲಿಲ್ಲ.

ಇಳಿದ ಮರುದಿನ ರಕ್ತ, ಇಸಿಜಿ, ಎದೆಗೆ ವೈರು ಅಂಟಿಸಿ ಸೈಕಲ್, ಕೊನೆಗೆ ಎಂಆರ್‌ಐ. ಎಡಗಾಲಿನ ಹರಡು ಹಿಂದೆ ಎರಡು ಸಲ ಉಳುಕಿತ್ತು. ಡಾಕ್ಟರ್ ಅಲ್ಲೇ ಹೆಬ್ಬೆರಳು ಒತ್ತಿ, ಪಕ್ಕದಲ್ಲಿದ್ದ ಮ್ಯಾನೇಜರ್ ಮುಖ ನೋಡಿದರು. ಅವರಿಬ್ಬರ ಭಾಷೆ ನನಗೆ ಬರುವುದಿಲ್ಲ. ಇನ್ನೊಂದು ಪರೀಕ್ಷೆ ಬೇಕು, ಕಾಯಿರಿ ಅಂದರು. ಆರು ದಿನ ಹೋಟೆಲ್ ಕೋಣೆಯಲ್ಲಿ ಇದ್ದೆ. ಸೂಟ್‌ಕೇಸ್ ಬಿಚ್ಚಲಿಲ್ಲ. ಬಿಚ್ಚಿದರೆ ವಾಪಸ್ ತುಂಬಬೇಕಾಗುತ್ತೆ ಅಂತ ಒಂದು ಮೂಢನಂಬಿಕೆ. ಬೇಕಾದ ಬಟ್ಟೆಯನ್ನು ಜಿಪ್ ಸಂದಿಯಿಂದ ಎಳೆದು ಹಾಕಿಕೊಳ್ಳುತ್ತಿದ್ದೆ.

ಕೊನೆಗೆ ಪಾಸ್ ಮಾಡಿದರು. ಆದರೆ ಆ ಆರು ದಿನ ಅವರು ನನಗಿಂತ ಒಳ್ಳೆಯ ಗಾರ್ಡ್‌ಗೆ ಹುಡುಕುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಅವನು ಸಿಕ್ಕಿದ್ದರೆ ನನ್ನ ಹರಡು ಫೇಲ್ ಆಗುತ್ತಿತ್ತು, ಅಷ್ಟೇ. ಆದ್ದರಿಂದ ಕಾಂಟ್ರಾಕ್ಟ್‌ನಲ್ಲಿ ಗಡುವು ಹಾಕಿಸಿ: ಬಂದ 48 ಅಥವಾ 72 ಗಂಟೆಯೊಳಗೆ ಪರೀಕ್ಷೆ ಮುಗಿಸಿ ಲಿಖಿತವಾಗಿ ಹೇಳಬೇಕು, ಹೇಳದಿದ್ದರೆ ಪಾಸ್ ಅಂತಲೇ ಲೆಕ್ಕ. ಈ ಒಂದು ಸಾಲು ಕೇಳಿದರೆ ಯಾವ ಕ್ಲಬ್ಬೂ ಕೋಪ ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಅಲ್ಲಿಗೆ ಹೋಗಬೇಡಿ.

ಪಾಸ್ ಆದಮೇಲೆ ಇನ್ನೊಂದು ಬಾಗಿಲು: ಲೆಟರ್ ಆಫ್ ಕ್ಲಿಯರೆನ್ಸ್. ಒಂದು ದೇಶದಲ್ಲಿ ಆಡಿದವನು ಇನ್ನೊಂದು ದೇಶದಲ್ಲಿ ಆಡಬೇಕಾದರೆ ಹಳೆಯ ದೇಶದ ಫೆಡರೇಷನ್ ಈ ಪತ್ರ ಕೊಡಬೇಕು. ಹಳೆಯ ಕ್ಲಬ್ ಜೊತೆ ಕಾಂಟ್ರಾಕ್ಟ್ ಇನ್ನೂ ಬಾಕಿ ಇದ್ದರೆ ಮಾತ್ರ ತಡೆಯಬಹುದು, ಉತ್ತರ ಏಳು ದಿನದಲ್ಲಿ ಬರಬೇಕು. ಕೇಳೋಕೆ ಸುಲಭ. ಎರಡನೇ ತಂಡಕ್ಕೆ ಹೋದಾಗ ನನ್ನ ಪತ್ರ ಬರಲೇ ಇಲ್ಲ. ಯಾರನ್ನು ಕೇಳಿದರೂ "ಕಳಿಸಿದ್ದೇವೆ" ಅನ್ನುತ್ತಾರೆ. ಕೊನೆಗೆ ನೋಡಿದರೆ, ಹಳೆಯ ನೋಂದಣಿಯಲ್ಲಿ ನನ್ನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಪಾಸ್‌ಪೋರ್ಟ್‌ನಲ್ಲಿ ಅದಿಲ್ಲ. ಇಬ್ಬರು ಬೇರೆ ಬೇರೆ ಆಟಗಾರರು ಅಂತ ಅಂದುಕೊಂಡಿದ್ದಾರೆ. ಒಂದು ಅಕ್ಷರಕ್ಕೆ ಎರಡು ಪಂದ್ಯ ಟ್ರ್ಯಾಕ್‌ಸೂಟ್‌ನಲ್ಲಿ ಕೂತು ನೋಡಿದೆ. ಅವತ್ತಿನಿಂದ ಒಂದು ಫೈಲ್ ಇಟ್ಟುಕೊಂಡೆ. ಪಾಸ್‌ಪೋರ್ಟ್ ಪ್ರತಿ, ಹಿಂದಿನ ಎಲ್ಲ ಕಾಂಟ್ರಾಕ್ಟ್, ಕ್ಲಿಯರೆನ್ಸ್ ಪತ್ರಗಳು, ಹಳೆಯ ಎಂಆರ್‌ಐ, ಪ್ರತಿ ದೇಶದ ತೆರಿಗೆ ಕಟ್ಟಿದ ಸರ್ಟಿಫಿಕೇಟ್. ಕಾಂಟ್ರಾಕ್ಟ್‌ನಲ್ಲಿ ತೆರಿಗೆ ಕ್ಲಬ್‌ದು ಅಂತ ಬರೆದಿರುತ್ತಾರೆ. ನಿಜವಾಗಿ ಕಟ್ಟಿದರಾ ಅಂತ ಆ ಸರ್ಟಿಫಿಕೇಟ್ ಕೈಗೆ ಬಂದಮೇಲೇ ಗೊತ್ತಾಗೋದು. ಊರು ಬಿಡುವ ಮುಂಚೆ ಕೇಳಿ ತಗೊಳ್ಳಿ, ಬಿಟ್ಟಮೇಲೆ ಯಾರೂ ಫೋನ್ ಎತ್ತಲ್ಲ.

ಆಟದ ವಿಷಯಕ್ಕೆ ಬರುತ್ತೇನೆ. ಸೀಸನ್ ಮಧ್ಯ ತಂಡ ಸೇರುವ ಫಾರ್ವರ್ಡ್‌ಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಸಾಕು. ಪಾಯಿಂಟ್ ಗಾರ್ಡ್‌ಗೆ ಐದೂ ಜನ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಬೇಕು. ಗುರುವಾರ ಇಳಿದು ಶನಿವಾರ ಪಂದ್ಯ ಆಡಿದ್ದೇನೆ. ನಲವತ್ತು ಸೆಟ್ ಪ್ಲೇ (ಮೊದಲೇ ಗೊತ್ತುಮಾಡಿದ ಆಟದ ನಕ್ಷೆ), ಹೆಸರುಗಳೆಲ್ಲ ಅವರ ಭಾಷೆಯಲ್ಲಿ. ಎಡಗೈ ಮಣಿಕಟ್ಟಿಗೆ ಬಿಳಿ ಟೇಪ್ ಸುತ್ತಿ, ಅದರ ಮೇಲೆ ಪೆನ್ನಿನಿಂದ ಹನ್ನೆರಡು ಮುಖ್ಯ ಪ್ಲೇ ಬರೆದುಕೊಂಡೆ. ಮೂರನೇ ಕ್ವಾರ್ಟರ್‌ಗೆ ಬರುವಷ್ಟರಲ್ಲಿ ಬೆವರಿಗೆ ಶಾಯಿ ಹರಡಿ ಎಲ್ಲ ನೀಲಿ ಮಸಿ. ಕೋಚ್ ಏನೋ ಕೂಗಿದರು. ಶಾಟ್ ಹಾಕಲು ಇರುವ 24 ಸೆಕೆಂಡಿನ ಗಡಿಯಾರ ಓಡುತ್ತಿದೆ, 8 ಸೆಕೆಂಡಿನಲ್ಲಿ ಮಧ್ಯದ ಗೆರೆ ದಾಟಬೇಕು. ನಮ್ಮ ಸೆಂಟರ್, ಬುಟ್ಟಿ ಹತ್ತಿರ ಆಡುವ, ಎರಡು ಮೀಟರ್ ದಾಟಿದ ಮನುಷ್ಯ, ನನ್ನ ಕಣ್ಣು ನೋಡಿ ಅರ್ಥ ಮಾಡಿಕೊಂಡ. ಕೈಯಿಂದ ಸೊಂಟ ಮುಟ್ಟಿ, ಆಮೇಲೆ ಬಲ ಮೂಲೆ ತೋರಿಸಿದ. ಪಾಸ್ ಕೊಟ್ಟೆ, ಎದುರಾಳಿಗೆ ಅಡ್ಡ ನಿಲ್ಲುವ ಸ್ಕ್ರೀನ್ ಬಂತು, ಬುಟ್ಟಿ ಆಯಿತು. ಅವತ್ತಿನಿಂದ ಹೊಸ ತಂಡಕ್ಕೆ ಹೋದ ಮೊದಲ ದಿನ ನಾನು ಕೋಚ್ ಹತ್ತಿರ ಅಲ್ಲ, ಸೆಂಟರ್ ಪಕ್ಕ ಹೋಗಿ ಕೂರುತ್ತಿದ್ದೆ.

ಹೊರಹಾಕುವುದೂ ಅಷ್ಟೇ ಬೇಗ. ತುಂಬಾ ಲೀಗ್‌ಗಳಲ್ಲಿ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇದೆ. ಆ ಸೀಮಿತ ಜಾಗದಲ್ಲಿ ನಾನು ಕೂತಿದ್ದೇನೆ ಅಂದರೆ, ತಂಡ ಸತತ ನಾಲ್ಕು ಪಂದ್ಯ ಸೋತಾಗ ಮೊದಲು ಎಲ್ಲರೂ ನೋಡುವುದು ನನ್ನನ್ನೇ. ಎರಡನೇ ತಂಡದಲ್ಲಿ ಡಿಸೆಂಬರ್‌ನಲ್ಲಿ ಕೋಚ್ ಬದಲಾದರು. ಹೊಸಬರು ತಮ್ಮ ಹಳೆಯ ಗಾರ್ಡ್‌ನನ್ನು ಕರೆಸಿಕೊಂಡರು. ನನ್ನನ್ನು ಆಫೀಸಿಗೆ ಕರೆದು ಒಂದು ಹಾಳೆ ಮುಂದಿಟ್ಟರು: ಪರಸ್ಪರ ಒಪ್ಪಿಗೆಯಿಂದ ಕಾಂಟ್ರಾಕ್ಟ್ ರದ್ದು, ಒಂದು ತಿಂಗಳ ಸಂಬಳ ಈಗಲೇ. ಬಾಕಿ ಇದ್ದದ್ದು ಐದು ತಿಂಗಳು. ಏಜೆಂಟ್ ಇರುವ ಕಡೆ ಆಗ ನಡುರಾತ್ರಿ. ಅವಮಾನಕ್ಕೆ ಕೈ ನಡುಗುತ್ತಿತ್ತು, ಅಲ್ಲಿಂದ ಹೊರಗೆ ಹೋದರೆ ಸಾಕಾಗಿತ್ತು. ಸಹಿ ಹಾಕಿದೆ. ನಾಲ್ಕು ತಿಂಗಳ ಸಂಬಳ ಆ ಕುರ್ಚಿಯಲ್ಲೇ ಬಿಟ್ಟು ಬಂದೆ.

ನಾಲ್ಕನೇ ತಂಡದಲ್ಲೂ ಅದೇ ಹಾಳೆ ಬಂತು. ಈ ಸಲ ಅದರ ಫೋಟೊ ತೆಗೆದುಕೊಂಡು, ನಮಸ್ಕಾರ ಹೇಳಿ ಎದ್ದು ಬಂದೆ. ಮರುದಿನವೂ ಪ್ರಾಕ್ಟೀಸ್‌ಗೆ ಹೋದೆ. ಒಳಗೆ ಬಿಡಲಿಲ್ಲ. ಬಾಗಿಲ ಹತ್ತಿರ ನಿಂತು ಟೈಮ್ ಕಾಣುವ ಹಾಗೆ ಫೋಟೊ ತೆಗೆದೆ, ಹತ್ತು ದಿನ ಹಾಗೇ ಮಾಡಿದೆ. ನಾಚಿಕೆ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪ್ರಾಕ್ಟೀಸ್‌ಗೆ ಬರಲಿಲ್ಲ ಅಂತ ನನ್ನ ಮೇಲೇ ತಿರುಗಿಸಲು ಅವರಿಗೆ ದಾರಿ ಉಳಿಯಲಿಲ್ಲ. ಕೊನೆಗೆ ನಾಲ್ಕರಲ್ಲಿ ಮೂರು ತಿಂಗಳ ಸಂಬಳಕ್ಕೆ ಒಪ್ಪಂದ ಆಯಿತು.

ಎಲ್ಲ ಏಜೆಂಟ್ ನೋಡಿಕೊಳ್ಳುತ್ತಾರೆ ಅಂತ ಕೂರುವವರಿಗೆ ಆಂಟನಿ ಕಾರ್ಟರ್ ಕಥೆ ಹೇಳುತ್ತೇನೆ. ಅವರೂ ಗಾರ್ಡ್. 2003ರಲ್ಲಿ ಮಯಾಮಿ ತಂಡದಲ್ಲಿ ಇನ್ನೊಂದು ವರ್ಷ ಉಳಿಯುವ ಆಯ್ಕೆ ಅವರ ಕೈಯಲ್ಲೇ ಇತ್ತು, ಬೆಲೆ 41 ಲಕ್ಷ ಡಾಲರ್. ಗಡುವಿನೊಳಗೆ ಒಂದು ಪತ್ರ ಕಳಿಸಬೇಕಿತ್ತು. ಏಜೆಂಟ್ ಕಡೆಯವರು ಕಳಿಸಲಿಲ್ಲ. ಕಾಂಟ್ರಾಕ್ಟ್ ಹೋಯಿತು. ಆ ಏಜೆಂಟ್ ಒಳ್ಳೆಯವರು, ನಷ್ಟವನ್ನು ವರ್ಷಗಟ್ಟಲೆ ಕಂತಿನಲ್ಲಿ ತುಂಬಿಕೊಡಲು ಒಪ್ಪಿದರು. ಎಲ್ಲರಿಗೂ ಅಂಥವರು ಸಿಗಲ್ಲ. ನಿಮ್ಮ ಕಾಂಟ್ರಾಕ್ಟ್‌ನ ದಿನಾಂಕಗಳು ನಿಮ್ಮ ಫೋನ್‌ನಲ್ಲೇ ಅಲಾರಂ ಆಗಿ ಇರಲಿ.

ಐದು, ಆರು, ಏಳನೇ ತಂಡಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಸಂಬಳ ಸಮಯಕ್ಕೆ ಬಂತು, ಗೆದ್ದೆವು, ಸೋತೆವು, ಚೆನ್ನಾಗಿತ್ತು. ಚೆನ್ನಾಗಿದ್ದ ವರ್ಷಗಳಲ್ಲಿ ಹೇಳೋಕೆ ಏನೂ ಇರಲ್ಲ ನೋಡಿ. ಒಂದೇ ಒಂದು ಎಚ್ಚರಿಕೆ. ಆರನೇ ತಂಡದಲ್ಲಿ ಪಂದ್ಯದ ಹಿಂದಿನ ರಾತ್ರಿ ನೆಗಡಿ ಜೋರಾಗಿ ಅಂಗಡಿಯಲ್ಲಿ ಸಿಕ್ಕ ಮಾತ್ರೆ ನುಂಗಲು ಹೊರಟಿದ್ದೆ. ರೂಮ್‌ಮೇಟ್ ಡಬ್ಬಿ ಕಿತ್ತುಕೊಂಡು ಹಿಂದೆ ಬರೆದಿದ್ದನ್ನು ತೋರಿಸಿದ: ಸೂಡೊಎಫೆಡ್ರಿನ್. ಪಂದ್ಯದ ಹೊತ್ತಿನ ಪರೀಕ್ಷೆಯಲ್ಲಿ ಮೂತ್ರದ ಮಿಲಿಲೀಟರ್‌ಗೆ 150 ಮೈಕ್ರೋಗ್ರಾಂ ದಾಟಿದರೆ ಅದು ಡೋಪಿಂಗ್. ನೆಗಡಿಯಿಂದ ಕೆರಿಯರ್ ಹೋಗುತ್ತಿತ್ತು. ಯಾವ ಮಾತ್ರೆಯನ್ನೂ ತಂಡದ ಡಾಕ್ಟರ್ ಕೇಳದೆ ನುಂಗಬೇಡಿ. ಅನಿವಾರ್ಯವಾದ ಔಷಧಿ ಇದ್ದರೆ ಅದಕ್ಕೆ ಮುಂಚೆಯೇ ಅನುಮತಿ ಪಡೆಯುವ ಫಾರಂ ಇದೆ, ಅದನ್ನು ತುಂಬಿ.

ಮನೆಯವರ ಪಾಲಿನ ಲೆಕ್ಕ ಬೇರೆಯೇ ಇದೆ. ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಕೆಲಸದ ವಿಳಾಸ ಅಂತ ಒಂದು ಜಾಗ ಇತ್ತು. ಮಿಕ್ಕಿದ್ದನ್ನೆಲ್ಲ ಪೆನ್ನಿನಲ್ಲಿ ತುಂಬಿದ ಹೆಂಡತಿ ಅದೊಂದನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎಂಟನೇ ತಂಡ. ಹೋದ ದಿನವೇ ಹೂಗುಚ್ಛ, ಫೋಟೊ, ಹೊಸ ಕಾರಿನ ಕೀ. ನವೆಂಬರ್ ಸಂಬಳ ಡಿಸೆಂಬರ್‌ಗೆ ಹೋಯಿತು. ಡಿಸೆಂಬರ್‌ದು ಬರಲೇ ಇಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: "ಸೋಮವಾರ." ಯಾವ ಸೋಮವಾರ ಅಂತ ಯಾರೂ ಹೇಳಲ್ಲ. ಬಾಯಿಮಾತಿನಲ್ಲಿ ಎಷ್ಟು ಕೇಳಿದರೂ ಅದು ಕೇಳಿದ ಹಾಗೆ ಆಗಲ್ಲ ಅಂತ ಅಷ್ಟು ಹೊತ್ತಿಗೆ ನಾನು ಕಲಿತಿದ್ದೆ. ನನ್ನ ಕಾಂಟ್ರಾಕ್ಟ್‌ನಲ್ಲಿ ಬರೆದಿದ್ದು: 15 ದಿನ ತಡವಾದರೆ ಆಡದೆ ಇರಬಹುದು, 30 ದಿನ ತಡವಾದರೆ ಕಾಂಟ್ರಾಕ್ಟ್ ಮುರಿದು ಪೂರ್ತಿ ಬಾಕಿ ಕೇಳಬಹುದು. ಪ್ರತಿ ಗಡುವಿಗೂ ಒಂದು ಇಮೇಲ್ ಕಳಿಸಿದೆ. ಸಿಟ್ಟಿಲ್ಲದ, ದಿನಾಂಕ ಮತ್ತು ಮೊತ್ತ ಮಾತ್ರ ಇರುವ ಇಮೇಲ್. ಮೂವತ್ತೊಂದನೇ ದಿನ ಕಾರಿನ ಕೀ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ರಸೀದಿ ಬರೆಸಿಕೊಂಡು ಹೊರಟೆ.

ಆಮೇಲೆ ಬಿಎಟಿ, ಅಂದರೆ ಬಾಸ್ಕೆಟ್‌ಬಾಲ್ ಪಂಚಾಯಿತಿ ಮಂಡಳಿ. 2007ರಲ್ಲಿ ಫಿಬಾ ಶುರು ಮಾಡಿದ್ದು, ನೆಲೆ ಸ್ವಿಟ್ಜರ್ಲೆಂಡ್‌ನ ಜಿನೀವಾ. ಇಲ್ಲಿ ಯಾವುದೋ ದೇಶದ ಕಾನೂನಿನ ಜಟಿಲತೆ ಇಲ್ಲ. ಒಬ್ಬ ಪಂಚರು ಕಾಗದಪತ್ರ ನೋಡಿ, ನ್ಯಾಯ ಯಾವುದು ಅನ್ನಿಸುತ್ತೋ ಹಾಗೆ ತೀರ್ಪು ಕೊಡುತ್ತಾರೆ. ಬಹುಪಾಲು ಎಲ್ಲವೂ ಬರಹದಲ್ಲೇ, ಇಂಗ್ಲಿಷ್‌ನಲ್ಲೇ. ಆದರೆ ಕಾಂಟ್ರಾಕ್ಟ್‌ನಲ್ಲಿ ಬಿಎಟಿಗೆ ಹೋಗುತ್ತೇವೆ ಅನ್ನುವ ಸಾಲು ಇದ್ದರೆ ಮಾತ್ರ ಈ ಬಾಗಿಲು ತೆರೆಯುತ್ತದೆ. ಅದರ ಮಾದರಿ ಒಕ್ಕಣೆಯನ್ನು ಬಿಎಟಿಯೇ ಕೊಟ್ಟಿದೆ. ಅದನ್ನೇ ಅಕ್ಷರಕ್ಕೆ ಅಕ್ಷರ ಹಾಕಿಸಿ. ಆ ಸಾಲು ಇಲ್ಲದ ಗೆಳೆಯನೊಬ್ಬ ಭಾಷೆ ಬಾರದ ದೇಶದ ಕೋರ್ಟಿಗೆ ಇವತ್ತಿಗೂ ಅಲೆಯುತ್ತಿದ್ದಾನೆ.

ನಾನು ಎಣಿಸದೇ ಇದ್ದದ್ದು ಖರ್ಚು. ಅರ್ಜಿ ಹಾಕುವಾಗ ಒಂದು ಶುಲ್ಕ, ಅದು ಗೆದ್ದರೂ ಸೋತರೂ ಬಿಎಟಿ ವಾಪಸ್ ಕೊಡಲ್ಲ. ಅದರ ಮೇಲೆ ಪಂಚರ ಖರ್ಚಿಗೆ ಮುಂಗಡ, ಎರಡೂ ಕಡೆಯವರು ಹಂಚಿಕೊಳ್ಳಬೇಕು. ಕ್ಲಬ್ ತನ್ನ ಪಾಲು ಕಟ್ಟಲಿಲ್ಲ. ಕಟ್ಟದಿದ್ದರೆ ಅದನ್ನೂ ಅರ್ಜಿದಾರನೇ ಕಟ್ಟಬೇಕು, ಇಲ್ಲದಿದ್ದರೆ ಕೇಸು ಮುಂದಕ್ಕೆ ಹೋಗಲ್ಲ. ಸಂಬಳ ಬಾರದೆ ಕೇಸು ಹಾಕಿದವನು, ಸಂಬಳ ಕೊಡದವರ ಪಾಲಿನ ಫೀಸನ್ನೂ ಕಟ್ಟಬೇಕು! ವಕೀಲರ ಫೀಸೂ ಸೇರಿ ಎರಡು ತಿಂಗಳ ಸಂಬಳದಷ್ಟು ಕೈಯಿಂದ ಹೋಯಿತು. ತೀರ್ಪು ನನ್ನ ಪರ ಬಂದಾಗ ಖರ್ಚಿನ ಹೆಚ್ಚಿನ ಭಾಗವನ್ನೂ ಕ್ಲಬ್ಬೇ ಕೊಡಬೇಕು ಅಂತ ಬಂತು. ಸಿಟ್ಟಿಲ್ಲದ ಆ ಇಮೇಲ್‌ಗಳೇ ಕೇಸು ಗೆಲ್ಲಿಸಿದವು ಅಂತ ವಕೀಲರು ಹೇಳಿದರು.

ಗೆದ್ದ ದಿನ ಸಿಕ್ಕಿದ್ದು ದುಡ್ಡಲ್ಲ, ಪಿಡಿಎಫ್. ಕ್ಲಬ್ ಮತ್ತೆ ಸುಮ್ಮನಾಯಿತು. ಆಗ ಫಿಬಾಗೆ ಇನ್ನೊಂದು ಅರ್ಜಿ. ತೀರ್ಪು ಪಾಲಿಸದ ಕ್ಲಬ್ ಹೊಸದಾಗಿ ವಿದೇಶದಿಂದ ಆಟಗಾರರನ್ನು ತರದ ಹಾಗೆ ಫಿಬಾ ನಿಷೇಧ ಹಾಕಬಹುದು. ನಿಷೇಧ ಬಿತ್ತು, ಅವರಿಗೆ ಹೊಸ ಗಾರ್ಡ್ ಬೇಕಾಯಿತು, ನನ್ನ ದುಡ್ಡು ಬಂತು. ನನಗೆ ಕೊಡಬೇಕು ಅಂತ ಕೊಟ್ಟಿದ್ದಲ್ಲ, ಇನ್ನೊಬ್ಬ ಗಾರ್ಡ್‌ನನ್ನು ಕರೆತರಲು ಕೊಟ್ಟಿದ್ದು. ಅವನ ಹೆಸರೂ ನನಗೆ ಗೊತ್ತಿಲ್ಲ.

ಈ ನಡುವೆ ಒಂಬತ್ತನೇ ತಂಡಕ್ಕೆ ಆಡಿದೆ. ಪಂದ್ಯಕ್ಕೆ ಎಂಟು ನಿಮಿಷ. ನಿಜವಾದ ಕೆಲಸ ಇಪ್ಪತ್ತು ವರ್ಷದ ಒಬ್ಬ ಹುಡುಗನಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವುದು. ಅವನ ಕಾಲು ನನ್ನ ಯೋಚನೆಗಿಂತ ವೇಗ. ಬೆಳಿಗ್ಗೆ ಎದ್ದರೆ ನಾನು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದೆ, ಮಂಡಿಚಿಪ್ಪಿನ ಕೆಳಗೆ ಅಷ್ಟು ನೋವು. ಆಂಡ್ರೆ ಇಂಗ್ರಾಮ್ ಹತ್ತು ಸೀಸನ್ ಕೆಳಗಿನ ಲೀಗ್‌ನಲ್ಲಿ ಆಡಿ, 2018ರ ಏಪ್ರಿಲ್‌ನಲ್ಲಿ, 32ನೇ ವಯಸ್ಸಿಗೆ ಎನ್‌ಬಿಎಯ ಲೇಕರ್ಸ್ ತಂಡದ ಪರ ಮೊದಲ ಪಂದ್ಯದಲ್ಲೇ 19 ಪಾಯಿಂಟ್ ಹೊಡೆದಿದ್ದರು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ. ಕೊನೆಯ ವರ್ಷ ಅದನ್ನು ನೋಡುವುದು ನಿಲ್ಲಿಸಿದ್ದೆ. ಅದು ನನಗೇ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ವಿದಾಯದ ಸಮಾರಂಭ ಇರಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಸೆಪ್ಟೆಂಬರ್‌ನಲ್ಲಿ ಏಜೆಂಟ್ ಫೋನ್ ಮಾಡಿ, "ಆರು ವಾರಕ್ಕೆ ಒಬ್ಬ ಗಾರ್ಡ್ ಬೇಕಂತೆ, ಹೋಗ್ತೀಯಾ?" ಅಂದರು. ಬೇಡ ಅಂದೆ. ಹೆಂಡತಿ ಒಳಗಿನ ಕೋಣೆಯಲ್ಲಿದ್ದಳು, ಕೇಳಿಸಿಕೊಂಡಿರಬೇಕು. ಏನೂ ಮಾತಾಡಲಿಲ್ಲ. ಸಂಜೆ ಸೂಟ್‌ಕೇಸ್ ಅಟ್ಟದ ಮೇಲೆ ಹೋಗಿತ್ತು.

ಫೈಲ್ ಮಾತ್ರ ಇನ್ನೂ ಮೇಜಿನ ಮೇಲಿದೆ. ನಿನ್ನೆ ರಾತ್ರಿ ಆ ಇಪ್ಪತ್ತರ ಹುಡುಗ ತನ್ನ ಹೊಸ ಕಾಂಟ್ರಾಕ್ಟ್ ಕಳಿಸಿ, "ಅಣ್ಣಾ, ಒಂದು ಸಲ ನೋಡ್ತೀರಾ, ಬೆಳಿಗ್ಗೆ ಎಂಟರೊಳಗೆ ಸಹಿ ಹಾಕಬೇಕಂತೆ" ಅಂದಿದ್ದಾನೆ. 16 ಪುಟ. ಬಿಎಟಿ ಸಾಲು ಇದೆ. ಸಂಬಳದ ದಿನಾಂಕಗಳಿವೆ. ಐದನೇ ಪುಟದಲ್ಲಿ ವೈದ್ಯಕೀಯ ಪರೀಕ್ಷೆಗೆ ಗಡುವೇ ಇಲ್ಲ. ಈಗ ಆರೂವರೆ, ಅವನು ಎದ್ದಿರಲ್ಲ, ಆದರೂ ಫೋನ್ ಮಾಡುತ್ತಿದ್ದೇನೆ.